ಬಿರುಕಿಗೆ ಸುಣ್ಣ ಬಳಿದು ಮನೆ ತೋರಿಸಬೇಡಿ

ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನಮ್ಮ ಕಡೆ ಎರಡು ಕೆಲಸ ಜೋರಾಗುತ್ತವೆ. ಒಂದು ಮದುವೆ, ಇನ್ನೊಂದು ಮನೆ-ಜಾಗದ ವ್ಯವಹಾರ. ಹೈದರಾಬಾದ್, ಪುಣೆ, ಮುಂಬೈ ಸೇರಿದವರು ಊರಿನ ಹಳೇ ಮನೆ ಮಾರಿಬಿಡೋಣ ಎಂದು ಬರುತ್ತಾರೆ. ತಾಂಡಾದವರು, ಹೊಲದಲ್ಲೇ ಮನೆ ಮಾಡಿಕೊಂಡಿದ್ದವರು, ಮಕ್ಕಳ ಶಾಲೆಗೆ ಹತ್ತಿರ ಇರಬೇಕು ಎನ್ನುವವರು ಚಿಮ್ಮನಚೋಡದಂಥ ಊರಲ್ಲಿ ಮನೆ ಹುಡುಕುತ್ತಾರೆ. ಮಾರುವವರು ಮೊದಲು ಮಾಡುವ ಕೆಲಸ ಎಲ್ಲ ಕಡೆ ಒಂದೇ. ಗೌಂಡಿಯನ್ನು ಕರೆಸಿ ಗೋಡೆಯ ಬಿರುಕಿಗೆ ಸಿಮೆಂಟ್ ಮೆತ್ತಿಸುವುದು, ಮೇಲೆ ಸುಣ್ಣವೋ ಡಿಸ್ಟೆಂಪರೋ ಹೊಡೆಸುವುದು, ತೊಲೆಗೆ ಎಣ್ಣೆ ಬಣ್ಣ ಬಳಿಸುವುದು. ಆಮೇಲೆ ಮೊಬೈಲಿನಲ್ಲಿ ವಿಡಿಯೋ ಮಾಡಿ ವಾಟ್ಸಾಪಿಗೆ ಬಿಡುವುದು.

ಮನೆ ಚೊಕ್ಕ ಮಾಡಿ ತೋರಿಸುವುದರಲ್ಲಿ ತಪ್ಪೇನಿಲ್ಲ. ಕನ್ಯೆ ನೋಡಲು ಬರುತ್ತಾರೆಂದರೆ ಅಂಗಳ ಸಾರಿಸುವುದಿಲ್ಲವೇ, ಹಾಗೆ. ಆದರೆ ಅಂಗಳ ಸಾರಿಸುವುದು ಬೇರೆ, ಗೋಡೆಯ ಬಿರುಕು ಮುಚ್ಚುವುದು ಬೇರೆ. ಎರಡನೆಯದನ್ನು ಮಾಡಬೇಡಿ ಎಂದು ನಾವು ಹೇಳುತ್ತೇವೆ. ಕೊಳ್ಳುವವರ ಮೇಲಿನ ಕನಿಕರಕ್ಕೆ ಮಾತ್ರ ಈ ಮಾತಲ್ಲ, ಮಾರುವವರ ಹಿತಕ್ಕೂ ಹೌದು. ಯಾಕೆ ಎನ್ನುವುದನ್ನು ಮುಂದೆ ಬರೆದಿದ್ದೇವೆ.

ಬಿರುಕಿನ ಮಾತು ನಮ್ಮ ತಾಲ್ಲೂಕಿಗೆ ಬೇರೆ ಕಡೆಗಿಂತ ಹೆಚ್ಚು ಭಾರ. 2021ರ ಅಕ್ಟೋಬರ್ ಯಾರಿಗೂ ಮರೆತಿರಲಿಕ್ಕಿಲ್ಲ. ಗಡಿಕೇಶ್ವಾರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನೆಲದೊಳಗಿಂದ ಗುಡುಗಿದ ಸದ್ದು, ಹಿಂದೆಯೇ ನಡುಕ. ಆ ತಿಂಗಳ 11ರ ರಾತ್ರಿಯ ನಡುಕ 4ರ ಆಸುಪಾಸಿನದು. ಅಡುಗೆಮನೆಯ ಪಾತ್ರೆ ಉರುಳಿದವು, ಗೋಡೆಗಳು ಬಿರಿದವು, ಜನ ಮಕ್ಕಳನ್ನು ಎತ್ತಿಕೊಂಡು ಬಯಲಿಗೆ ಓಡಿದರು. ಎಷ್ಟೋ ಕುಟುಂಬಗಳು ಊರನ್ನೇ ಬಿಟ್ಟು ಹೋಗಿ ಸಂಬಂಧಿಕರ ಮನೆ ಸೇರಿಕೊಂಡವು. ಹೈದರಾಬಾದಿನ ಎನ್‌ಜಿಆರ್‌ಐ ವಿಜ್ಞಾನಿಗಳು ಬಂದು ಕಂಪನ ಅಳೆಯುವ ಯಂತ್ರ ಇಟ್ಟರು. ಆಗ ಬಿರಿದ ಗೋಡೆಗಳೆಲ್ಲ ಬಿಚ್ಚಿ ಕಟ್ಟಿದವು ಅಂತೇನೂ ಇಲ್ಲ. ಮೆತ್ತಿದ ಬಿರುಕಿನ ಮೇಲೆ ಎರಡು ಸಲ ಸುಣ್ಣ ಬಿದ್ದರೆ ಹೊಸಬರಿಗೆ ಯಾವುದೂ ಕಾಣುವುದಿಲ್ಲ.

ಇನ್ನೂ ಹಿಂದಿನದು ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಸೀಮೆಯಲ್ಲಿ ಸುಮಾರು 10 ಸಾವಿರ ಜನ ಸತ್ತರು. ಗಣಪತಿ ಕಳಿಸಿ ಬಂದು ಮಲಗಿದ್ದವರು. ಅವರನ್ನು ಕೊಂದದ್ದು ನೆಲದ ನಡುಕಕ್ಕಿಂತ ಹೆಚ್ಚಾಗಿ ಅವರದೇ ಮನೆ. ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ವರ್ಷ ವರ್ಷ ಮಣ್ಣು ಹಾಕಿ ಹಾಕಿ ಭಾರವಾದ ಮಾಳಿಗೆ. ನಮ್ಮ ಚಿಂಚೋಳಿ, ಸೇಡಂ, ಚಿತ್ತಾಪುರದ ಹಳೇ ಮನೆಗಳನ್ನು ಒಮ್ಮೆ ನೆನೆಸಿಕೊಳ್ಳಿ. ಬಹಳಷ್ಟು ಅದೇ ಜಾತಿಯವು. ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ, ಮೂರು ತಲೆಮಾರು ಬಾಳುವ ಮನೆಗಳು, ಒಪ್ಪೋಣ. ಆದರೆ ಅಂಥ ಮನೆಯಲ್ಲಿ ಒಂದು ಬಿರುಕು ಎಲ್ಲಿದೆ, ಎಷ್ಟು ಅಗಲ ಇದೆ ಎನ್ನುವುದು ಒಳಗೆ ಮಲಗುವವರ ಜೀವದ ಪ್ರಶ್ನೆ.

ಈಗ ಕಾನೂನಿನ ಮಾತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಮಾರುವವರ ಮೇಲೆ ಒಂದು ಹೊಣೆ ಹೊರಿಸುತ್ತದೆ. ಆಸ್ತಿಯಲ್ಲಿ ಅಥವಾ ಅದರ ಹಕ್ಕಿನಲ್ಲಿ ದೊಡ್ಡ ದೋಷ ಇದ್ದು, ಅದು ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವರ ಕಣ್ಣಿಗೆ ಬೀಳದಂತಿದ್ದರೆ, ಮಾರುವವರೇ ಅದನ್ನು ಹೇಳಬೇಕು. ಹೇಳದೆ ಮುಚ್ಚಿಟ್ಟರೆ ಕಾನೂನು ಅದನ್ನು ಮೋಸ ಎಂದು ಕರೆಯುತ್ತದೆ.

‘ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ’ ಎನ್ನುವ ಮಾತನ್ನು ಇನ್ನೊಮ್ಮೆ ಓದಿ. ಗೋಡೆಯ ಬಿರುಕು ಬಟಾಬಯಲಾಗಿ ಕಾಣುತ್ತಿದೆ, ಕೊಳ್ಳುವವರು ಬಂದರು, ನೋಡಿದರು, ಚೌಕಾಸಿ ಮಾಡಿ ಕೊಂಡರು ಎನ್ನಿ. ನಾಳೆ ಅವರು ‘ಗೋಡೆ ಬಿರಿದಿತ್ತು, ಹೇಳಲಿಲ್ಲ’ ಎಂದು ತಕರಾರು ತೆಗೆದರೆ ಮಾತು ನಿಲ್ಲುವುದು ಕಷ್ಟ. ಕಣ್ಣೆದುರಿಗೆ ಇತ್ತಲ್ಲ! ಅದೇ ಬಿರುಕನ್ನು ನೀವು ಸಿಮೆಂಟ್ ಮೆತ್ತಿ ಬಣ್ಣ ಹೊಡೆದು ಮುಚ್ಚಿದಿರಿ ಎನ್ನಿ. ಈಗ ಅದು ಕಾಣದ ದೋಷ ಆಯಿತು. ನಿಮಗೆ ಗೊತ್ತಿತ್ತು ಎನ್ನುವುದಕ್ಕೆ ಬಣ್ಣ ಹೊಡೆದ ಗೌಂಡಿಯೇ ಸಾಕ್ಷಿ. ತೆರೆದಿಟ್ಟ ಬಿರುಕು ಕೊಳ್ಳುವವರ ಲೆಕ್ಕಕ್ಕೆ ಹೋಗುತ್ತದೆ, ಮುಚ್ಚಿದ ಬಿರುಕು ನಿಮ್ಮ ಕೊರಳಿಗೆ ಬೀಳುತ್ತದೆ. ಸುಣ್ಣಕ್ಕೆ ರೊಕ್ಕ ಖರ್ಚು ಮಾಡಿ ತಂಟೆ ಕೊಂಡುಕೊಂಡ ಹಾಗೆ.

‘ಗ್ವಾಡಿ ಬಿರಕ ಬಿಟ್ಟದಂತ ನಾವೇ ಹೇಳಿದ್ರ ಯಾರ್ ತಗೋತಾರ್ರಿ?’ ಎಂದು ನೀವು ಕೇಳುತ್ತೀರಿ. ಸರಿಯಾದ ಪ್ರಶ್ನೆಯೇ. ಅದಕ್ಕೆ ಮೊದಲ ಉತ್ತರ, ಎಲ್ಲ ಬಿರುಕೂ ಒಂದೇ ಅಲ್ಲ. ಬಿರುಕು ಓದುವುದು ಬಂದರೆ ಅರ್ಧ ಹೆದರಿಕೆ ಹೋಗುತ್ತದೆ.

ಗಿಲಾಯಿಯ ಮೇಲೆ ಕೂದಲೆಳೆಯಷ್ಟು ಸಣ್ಣಗೆ, ಜೇಡನ ಬಲೆಯಂತೆ ಹಬ್ಬಿದ ಬಿರುಕು ಬರೀ ಗಿಲಾಯಿಯದು. ಗಿಲಾಯಿ ಒಣಗುವಾಗ ನೀರು ಸಾಲದೆ ಹಾಗಾಗಿರುತ್ತದೆ. ಅದಕ್ಕೆ ಬಣ್ಣ ಹೊಡೆದರೆ ಯಾರೂ ಬೇಡ ಅನ್ನುವುದಿಲ್ಲ. ಎರೆಭೂಮಿಯ ಮೇಲೆ ಕಟ್ಟಿದ ಮನೆಯಲ್ಲಿ ಇನ್ನೊಂದು ತರಹದ ಬಿರುಕು ಬರುತ್ತದೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಬುನಾದಿ ಗಟ್ಟಿ ಮುರುಮಿನ ತನಕ ಇಳಿದಿರದಿದ್ದರೆ ಗೋಡೆ ಆ ಮಣ್ಣಿನ ಜೊತೆ ಏಳುತ್ತದೆ, ಕೂಡುತ್ತದೆ. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಮುಚ್ಚಿಕೊಳ್ಳುವ ಬಿರುಕು ಬಹುಮಟ್ಟಿಗೆ ಈ ಕಾರಣದ್ದು. ನಮ್ಮಲ್ಲಿ ಈಗ ಯಾವ ಬಿರುಕು ಕಂಡರೂ ಭೂಕಂಪದ್ದೇ ಎನ್ನುವ ರೂಢಿಯಾಗಿದೆ. ಎಷ್ಟೋ ಗೋಡೆಗಳು 2021ಕ್ಕಿಂತ ಬಹಳ ಮೊದಲೇ ಎರೆಮಣ್ಣಿಗೆ ಬಿರಿದವು.

ಹೆದರಬೇಕಾದ ಬಿರುಕುಗಳು ಬೇರೆ ಇವೆ. ಬಾಗಿಲು-ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗುವ, ಬೆರಳು ತೂರುವಷ್ಟು ಅಗಲದ ಬಿರುಕು. ಎರಡು ಗೋಡೆ ಕೂಡುವ ಮೂಲೆಯಲ್ಲಿ ಮೇಲಿನಿಂದ ಕೆಳಗಿನ ತನಕ ಬಿಟ್ಟ ಸಂದು, ಅಂದರೆ ಗೋಡೆಗಳು ಒಂದರ ಕೈ ಒಂದು ಬಿಟ್ಟಿವೆ ಎಂದರ್ಥ. ಎಲ್ಲಕ್ಕಿಂತ ಕೆಟ್ಟದ್ದು ಹೊಟ್ಟೆ ಬಿಟ್ಟ ಗೋಡೆ. ಹಳೇ ಕಲ್ಲಿನ ಗೋಡೆ ನೋಡಲು ಒಂದು, ಒಳಗೆ ಎರಡು. ಹೊರಮೈಗೆ ಒಂದು ಸಾಲು ಕಲ್ಲು, ಒಳಮೈಗೆ ಒಂದು ಸಾಲು, ನಡುವೆ ಚೂರುಕಲ್ಲು ಮಣ್ಣು ತುಂಬಿರುತ್ತಾರೆ. ಎರಡೂ ಮೈ ಹಿಡಿದು ನಿಲ್ಲುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಇಟ್ಟಿರದಿದ್ದರೆ ಒಂದು ಮೈ ಮೆಲ್ಲಗೆ ಹೊರಗೆ ಉಬ್ಬುತ್ತದೆ. ಕಿಲ್ಲಾರಿಯಲ್ಲಿ ಇಂಥ ಗೋಡೆಗಳೇ ಮೊದಲು ಸುರಿದವು. ಗೋಡೆಯ ಒಂದು ತುದಿಗೆ ಕಣ್ಣಿಟ್ಟು ಇನ್ನೊಂದು ತುದಿ ನೋಡಿದರೆ ಹೊಟ್ಟೆ ಗೊತ್ತಾಗುತ್ತದೆ. ಮೇಲಿನಿಂದ ಗುಂಡು ಬಿಟ್ಟರೆ ಇನ್ನೂ ಚೆನ್ನ. ಇದಕ್ಕೆ ಬಣ್ಣವಂತೂ ಔಷಧವಲ್ಲ. ಅನುಭವ ಇರುವ ಗೌಂಡಿಯೋ ಎಂಜಿನಿಯರೋ ನೋಡಿ, ಅಷ್ಟು ಭಾಗ ಬಿಚ್ಚಿ ಕಟ್ಟುವುದೋ ಮಾಳಿಗೆಯ ಮಣ್ಣಿನ ಭಾರ ಇಳಿಸುವುದೋ ಹೇಳಬೇಕು.

ಬಿರುಕು ಸತ್ತಿದೆಯೋ ಜೀವಂತ ಇದೆಯೋ ತಿಳಿಯಲು ಹಳೇ ಗೌಂಡಿಗಳ ಒಂದು ಉಪಾಯ ಇದೆ. ಬಿರುಕಿನ ಮೇಲೆ ಅಡ್ಡಕ್ಕೆ ಅಂಗೈಯಷ್ಟು ಸಿಮೆಂಟ್ ತೆಳ್ಳಗೆ ಮೆತ್ತಿ ಅದರ ಮೇಲೆ ತಾರೀಖು ಗೀಚಿ ಬಿಡುವುದು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಆ ಮೆತ್ತಿಗೆ ಸೀಳದಿದ್ದರೆ ಬಿರುಕು ನಿಂತಿದೆ. ಸೀಳಿದರೆ ಗೋಡೆ ಇನ್ನೂ ಸರಿಯುತ್ತಿದೆ. ಮುಂದಿನ ವರ್ಷ ಮನೆ ಮಾರುವ ವಿಚಾರ ಇದ್ದರೆ ಈ ವರ್ಷವೇ ಈ ಕೆಲಸ ಮಾಡಿಡಿ. ಬಂದವರಿಗೆ ‘ನೋಡ್ರಿ, ಹೋದ ವರ್ಷದ ತಾರೀಖು ಅದ, ಕೂದಲಷ್ಟೂ ಬಿಟ್ಟಿಲ್ಲ’ ಎಂದು ತೋರಿಸಿದರೆ ಹೊಸ ಡಿಸ್ಟೆಂಪರ್ ತರದ ನಂಬಿಕೆ ಅದು ತರುತ್ತದೆ. ಮನೆ ತೋರಿಸುವ ತಯಾರಿ ಎಂದರೆ ನಮ್ಮ ಲೆಕ್ಕದಲ್ಲಿ ಇದು.

ಎರಡನೇ ಉತ್ತರ ರೇಟಿನದು. ಬಿರುಕು ತೋರಿಸಿದರೆ ದರ ಸ್ವಲ್ಪ ಇಳಿಯುತ್ತದೆ, ಸುಳ್ಳು ಹೇಳಿ ಏನು ಫಾಯಿದೆ. ಆದರೆ ಎಷ್ಟು ಇಳಿಯಬೇಕು ಎಂದು ನೀವೇ ಹೇಳಬಹುದು. ಗೌಂಡಿಯಿಂದ ರಿಪೇರಿ ಖರ್ಚಿನ ಅಂದಾಜು ಬರೆಸಿ ಇಟ್ಟುಕೊಳ್ಳಿ. ಕೊಳ್ಳುವವರೇ ಬಿರುಕು ಹುಡುಕಿದರೆ 20 ಸಾವಿರದ ಕೆಲಸಕ್ಕೆ 1 ಲಕ್ಷ ಇಳಿಸಿ ಕೇಳುತ್ತಾರೆ, ಯಾಕೆಂದರೆ ಇದೊಂದು ಮುಚ್ಚಿಟ್ಟವರು ಇನ್ನೇನು ಮುಚ್ಚಿಟ್ಟಿದ್ದಾರೋ ಎಂಬ ಅನುಮಾನಕ್ಕೂ ಸೇರಿಸಿ ದರ ಕಟ್ಟುತ್ತಾರೆ. ಅನುಮಾನಕ್ಕೆ ರೇಟು ಬಹಳ.

ಗೋಡೆ ಬಿಟ್ಟು ನೆಲಕ್ಕೆ ಬರೋಣ. ಹಳೇ ಮನೆಗಳ ಅಂಗಳದಲ್ಲಿ, ಕೆಲವೊಮ್ಮೆ ಪಡಸಾಲೆಯಲ್ಲೇ, ಜೋಳ ತುಂಬಿಡುವ ಹಗೇವು ಇರುತ್ತಿತ್ತು. ಈಗ ಯಾರೂ ತುಂಬುವುದಿಲ್ಲ, ಮೇಲೆ ಶಹಾಬಾದ್ ಪರಸಿ ಹಾಸಿಬಿಟ್ಟಿದ್ದಾರೆ. ಹೊಸದಾಗಿ ಬಂದವರು ಅದರ ಮೇಲೆ ನೀರಿನ ಟಾಕಿ ಇಟ್ಟರೆ ಏನಾದೀತು? ಗೊತ್ತಿಲ್ಲದೆ ಬಾಯಿ ತೆರೆದು ಒಳಗೆ ಇಳಿದರೆ ಇನ್ನೂ ಅಪಾಯ, ವರ್ಷಗಟ್ಟಲೆ ಮುಚ್ಚಿದ ಹಗೇವಿನೊಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಹಿತ್ತಲಲ್ಲಿ ಕಸ ಹಾಕಿ ಮುಚ್ಚಿದ ಹಾಳು ಬಾವಿಯೂ ಹಾಗೆಯೇ. ಇವನ್ನು ಹೇಳಲೇಬೇಕು. ತೊಲೆ, ಜಂತಿಗಳಿಗೆ ಗೆದ್ದಲು ಹತ್ತಿದ್ದರೆ ಎಣ್ಣೆ ಬಣ್ಣದ ಕೆಳಗೆ ಅದು ತಿನ್ನುವುದನ್ನು ನಿಲ್ಲಿಸುವುದಿಲ್ಲ. ಕೊಳ್ಳುವವರು ಒಂದು ಕಲ್ಲಿನಿಂದ ತೊಲೆಗೆ ತಟ್ಟಿ ನೋಡಿ, ಪೊಳ್ಳು ಸದ್ದು ಕಿವಿಗೆ ತಾನೇ ಗೊತ್ತಾಗುತ್ತದೆ.

ಹೊಳೆ ದಂಡೆಯ ಮನೆಗಳದು ಬೇರೆ ಕತೆ. ನಾಗರಾಳ ಜಲಾಶಯದಿಂದ ಮುಲ್ಲಾಮಾರಿಗೆ ನೀರು ಬಿಟ್ಟ ವರ್ಷಗಳಲ್ಲಿ ತಗ್ಗಿನ ಓಣಿಗಳಿಗೆ ನೀರು ನುಗ್ಗುತ್ತದೆ. 2020ರ ಅಕ್ಟೋಬರಿನ ಮಳೆ ಇಡೀ ಜಿಲ್ಲೆಗೆ ಗೊತ್ತು. ನೀರು ಎಲ್ಲಿಯ ತನಕ ಏರಿತ್ತು ಎನ್ನುವ ಗೆರೆ ಗೋಡೆಯ ಮೇಲೆ ಉಳಿದಿರುತ್ತದೆ. ನಮ್ಮಲ್ಲಿ ಮನೆ ನೋಡುವುದು ಒಣ ದಿನಗಳಲ್ಲಿ, ರಾಶಿಯಿಂದ ಯುಗಾದಿಯ ತನಕ. ತೇವ ಆರಿರುತ್ತದೆ, ಗೆರೆಯ ಮೇಲೆ ಸುಣ್ಣ ಬಿದ್ದಿರುತ್ತದೆ. ಆದ್ದರಿಂದ ಕೊಳ್ಳುವವರಿಗೆ ಒಂದು ಮಾತು. ಆದರೆ ಶ್ರಾವಣದಲ್ಲಿ ಒಮ್ಮೆ ಮನೆ ನೋಡಿ. ಅಲ್ಲಿಯ ತನಕ ಕಾಯಲು ಆಗದಿದ್ದರೆ ಮನೆಯಲ್ಲಿರುವ ಅವ್ವನನ್ನು ಮಾತಾಡಿಸಿ. ಮಗ ಪುಣೆಯಿಂದ ಬಂದು ಮನೆ ತೋರಿಸುವ ದಿನ ಅವ್ವನನ್ನು ಪಕ್ಕದ ಮನೆಗೆ ಕಳಿಸಿರುವುದೂ ಉಂಟು, ಯಾಕೆಂದರೆ ಆಕೆಗೆ ಮುಚ್ಚಿಟ್ಟು ಮಾತಾಡಲು ಬರುವುದಿಲ್ಲ. ‘ಅವ್ವಾ, ಮಳಿಗಾಲದಾಗ ಹಾಸಿಗಿ ಎಲ್ಲಿ ಹಾಸ್ತೀರಿ?’ ಎಂದು ಕೇಳಿ ಸಾಕು. ಯಾವ ಕೋಣೆ ಸೋರುತ್ತದೆ, ಯಾವ ಗೋಡೆ ಹಸಿ ಹಿಡಿಯುತ್ತದೆ ಎನ್ನುವುದು ಆ ಒಂದು ಉತ್ತರದಲ್ಲಿ ಸಿಗುತ್ತದೆ. ಹಾಗೆಯೇ, ಮನೆ ಮಾರಿದ ಮೇಲೆ ಆಕೆ ಎಲ್ಲಿರುತ್ತಾಳೆ ಎಂದು ಮಗನನ್ನು ಕೇಳಿದರೂ ತಪ್ಪಿಲ್ಲ.

ಕಾಗದದ ಬಿರುಕೂ ಇದೆ. 55ನೇ ಸೆಕ್ಷನ್ ಗೋಡೆಯ ದೋಷದ ಜೊತೆಗೆ ಹಕ್ಕಿನ ದೋಷವನ್ನೂ ಹೆಸರಿಸುತ್ತದೆ ಎಂದೆವಲ್ಲ. ನಮ್ಮ ಕಡೆ ಅತಿ ದೊಡ್ಡ ಹಕ್ಕಿನ ದೋಷ ಎಂದರೆ ಕೊಟ್ಟ ಮನೆಯಲ್ಲಿರುವ ಅಕ್ಕ-ತಂಗಿಯರ ಪಾಲು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ತಿದ್ದುಪಡಿ ಬರುವಾಗ ತಂದೆ ಬದುಕಿರಬೇಕಿತ್ತು ಎನ್ನುವ ತಕರಾರನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರ ತೀರ್ಪಿನಲ್ಲಿ ತಳ್ಳಿಹಾಕಿತು. ಮುಸ್ಲಿಂ ಕುಟುಂಬಗಳಲ್ಲೂ ಹೆಣ್ಣುಮಕ್ಕಳಿಗೆ ಪಾಲಿದೆ. ಆದರೂ ಮನೆ ಮಾರುವ ಸುದ್ದಿ ತಂಗಿಗೆ ಗೊತ್ತಾಗುವುದು ಮಾರಿದ ಮೇಲೆ. ಬಣ್ಣ ಹಚ್ಚುವ ಮೊದಲು ಆಕೆಗೆ ಫೋನ್ ಹಚ್ಚಿ. ಪಾಲು ಕೊಡುತ್ತೀರೋ, ಆಕೆ ಒಪ್ಪಿ ಬಿಡುತ್ತಾಳೋ, ಅದು ನಿಮ್ಮ ಮನೆಯ ಮಾತು. ಖರೀದಿ ಪತ್ರಕ್ಕೆ ಆಕೆಯ ಸಹಿ ಇರಬೇಕು, ಅಥವಾ ಅದಕ್ಕೆ ಮೊದಲೇ ಆಕೆ ಹಕ್ಕು ಬಿಟ್ಟುಕೊಟ್ಟ ಪತ್ರ ನೋಂದಣಿ ಆಗಿರಬೇಕು.

ಉಳಿದ ಕಾಗದಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ಅಜ್ಜನ ಹೆಸರಲ್ಲೇ ಉಳಿದ ಖಾತೆಗೆ ಮೊದಲು ವಾರಸಾ ಮಾಡಿಸಿ. ಗ್ರಾಮ ಪಂಚಾಯಿತಿಯಿಂದ ಇ-ಸ್ವತ್ತು ನಮೂನೆ 9, ನಮೂನೆ 11 ತೆಗೆಸಿ, ಚಕ್ಕುಬಂದಿ ಮತ್ತು ಅಳತೆ ನಿಜವಾದ ಜಾಗಕ್ಕೆ ಹೊಂದುತ್ತದೆಯೇ ಟೇಪ್ ಹಿಡಿದು ನೋಡಿ. ಮನೆ ತೆರಿಗೆ, ನೀರಿನ ಕರ, ಜೆಸ್ಕಾಂ ಬಿಲ್ ಬಾಕಿ ತೀರಿಸಿ ರಸೀದಿ ಒಂದು ಚೀಲದಲ್ಲಿಡಿ. ಬ್ಯಾಂಕಿನ ಅಥವಾ ಸಂಘದ ಬೋಜಾ ಇದ್ದರೆ ಹೇಳಿ, ಋಣಭಾರ ಪ್ರಮಾಣಪತ್ರದಲ್ಲಿ ಹೇಗೂ ಬರುತ್ತದೆ. ನಡುಗೋಡೆ ದಾಯಾದಿಯ ಜೊತೆ ಜಂಟಿಯಾಗಿದ್ದರೆ, ಮಾಳಿಗೆಯ ನೀರು ಪಕ್ಕದವರ ಅಂಗಳಕ್ಕೆ ಬೀಳುತ್ತಿದ್ದರೆ ಅದನ್ನೂ ಹೇಳಿ. ಜಗಳ ಶುರುವಾಗುವುದೇ ಅಲ್ಲಿಂದ. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ಹಂಚಿದ ಹಕ್ಕುಪತ್ರಗಳಿಂದ ನಮ್ಮ ಭಾಗದ ತಾಂಡಾಗಳ ಸಾವಿರಾರು ಮನೆಗಳಿಗೆ ಮೊದಲ ಸಲ ಕಾಗದ ಸಿಕ್ಕಿತು. ಅಂಥ ಮನೆ ಮಾರುವ, ಕೊಳ್ಳುವ ಮಾತು ಬಂದರೆ ಹಕ್ಕುಪತ್ರದಲ್ಲಿ ಏನೇನು ಬರೆದಿದೆ ಎಂದು ಪೂರ್ತಿ ಓದಿಸಿಕೊಂಡು ಮುಂದೆ ಹೆಜ್ಜೆ ಇಡಿ.

ಬಾಂಡ್ ಪೇಪರಿನ ಮೇಲೆ ನಾಲ್ಕು ಮಂದಿ ಪಂಚರ ಸಹಿ ಹಾಕಿಸಿ ಮನೆ ಮಾರುವ ರೂಢಿ ಇನ್ನೂ ಹೋಗಿಲ್ಲ. 100 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಮನೆ-ಜಾಗದ ಮಾರಾಟ ನೋಂದಣಿ ಆಗದೆ ಮಾರಾಟವೇ ಅಲ್ಲ ಎಂದು ಅದೇ 1882ರ ಕಾಯ್ದೆಯ 54ನೇ ಸೆಕ್ಷನ್ ಹೇಳುತ್ತದೆ. ಬಾಂಡ್ ಪೇಪರ್ ಬರೀ ಕರಾರು. ಮನೆ ಕೈ ಬದಲಾಗುವುದು ಸಬ್ ರಜಿಸ್ಟ್ರಾರ್ ಕಚೇರಿಯಲ್ಲೇ.

ಹಾಗಾದರೆ ಮನೆ ತೋರಿಸುವ ದಿನ ಏನೂ ಸಜ್ಜು ಬೇಡವೇ? ಬೇಕು. ಮೊಬೈಲಿನಲ್ಲಿ ಬರುವ ಪಟ್ಟಣದ ವಿಡಿಯೋಗಳು ಗೋಡೆಯ ಮೇಲಿನ ಮನೆಯವರ ಫೋಟೋ ತೆಗೆಯಿರಿ, ದೇವರ ಜಗಲಿ ಮುಚ್ಚಿ, ಸೆಂಟ್ ಹೊಡೆಯಿರಿ ಎಂದೆಲ್ಲ ಹೇಳುತ್ತವೆ. ಅದೆಲ್ಲ ನಮಗೆ ಯಾಕೆ. ಬಚ್ಚಲ ನೀರು ಹೋಗುವ ಗಟಾರ ತೆಗೆಸಿ. ಮೂಲೆಯ ಹಳೇ ತಗಡು, ಮುರಿದ ಮಂಚ, ಗೊಬ್ಬರದ ಚೀಲ ಸಾಗಿಸಿ. ಹಿಂದಿನ ಬಾಗಿಲು, ಕಿಟಕಿ ಎಲ್ಲ ತೆಗೆದಿಡಿ, ಗಾಳಿ ಬೆಳಕು ಎಷ್ಟು ಬರುತ್ತದೆ ಗೊತ್ತಾಗಲಿ. ಪರಸಿ ತಿಕ್ಕಿ ತೊಳೆಯಿರಿ, ನಮ್ಮ ಕಲ್ಲು ತೊಳೆದರೆ ಹೊಸ ಟೈಲ್ಸ್‌ಗಿಂತ ಚಂದ. ಮಾಳಿಗೆ ಹತ್ತಲು ಏಣಿ ಇಟ್ಟಿರಿ. ಬೋರ್ ನೀರು ಒಂದು ಗ್ಲಾಸ್ ಕುಡಿಯಲು ಕೊಡಿ. ಪೆಟ್ಟಿಗೆ, ಪಲಂಗ, ಕ್ಯಾಲೆಂಡರ್ ಯಾವುದನ್ನೂ ಬಿರುಕಿನ ಎದುರು ತಂದು ಇಡಬೇಡಿ.

ವಿಡಿಯೋ ಮಾಡುವಾಗಲೂ ಹಾಗೆಯೇ. ಹೈದರಾಬಾದಿನಲ್ಲಿರುವವರಿಗೆ ಕಳಿಸುವ ವಿಡಿಯೋದಲ್ಲಿ ಬಿರುಕಿನ ಹತ್ತಿರ ಒಂದು ರೂಪಾಯಿ ನಾಣ್ಯ ಹಿಡಿದು ಅಗಲ ತೋರಿಸಿ. ಆ ವಿಡಿಯೋ ಅಳಿಸಬೇಡಿ, ನೀವು ತೋರಿಸಿದ್ದಕ್ಕೆ ಅದೇ ದಾಖಲೆ. ಮಾತು ಕುದುರಿ ಸಂಚಕಾರ ಕೊಡುವಾಗ ಸಂಚಕಾರ ಪತ್ರದಲ್ಲೂ, ಆಮೇಲೆ ಖರೀದಿ ಪತ್ರದಲ್ಲೂ ಒಂದು ಸಾಲು ಸೇರಿಸಲು ಬರೆಯುವವರಿಗೆ ಹೇಳಿ: ಪಡಸಾಲೆಯ ಮೂಡಣ ಗೋಡೆಯ ಮೂಲೆಯಲ್ಲಿ ಬಿರುಕು ಇದ್ದು, ಅಂಗಳದಲ್ಲಿ ಮುಚ್ಚಿದ ಹಗೇವು ಇದ್ದು, ಖರೀದಿ ಮಾಡುವವರು ಇವನ್ನು ಸ್ವತಃ ನೋಡಿ ದರ ಒಪ್ಪಿರುತ್ತಾರೆ. ಬರೆಯುವವರು ‘ಇದೆಲ್ಲ ಯಾರೂ ಬರೆಸೋದಿಲ್ರಿ’ ಎಂದರೆ, ನೀವು ಬರೆಸಿ.